‘ಟಾನ್ಸಿಲ್ ಆಗಿದೆ’ ಎಂಬುದು ರೋಗದ ಹೆಸರಲ್ಲ

ಅಕ್ಕನ ಹೊಸ ಮನೆಯ ಗೃಹಪ್ರವೇಶದ ಹಿಂದಿನ ರಾತ್ರಿ ಅದು. ಮಾವಿನ ತೋರಣ ಕಟ್ಟಿ, ಹೋಮಕ್ಕೆ ಬೇಕಾದ್ದನ್ನೆಲ್ಲ ಜೋಡಿಸಿಟ್ಟು ನಾವು ಮಲಗಲು ಹೊರಟಾಗ ಗಂಟೆ ಒಂದಾಗಿತ್ತು. ಹಾಲ್‌ನಲ್ಲಿ ಜಮಖಾನ ಹಾಸಿ ಆರು ಮಕ್ಕಳನ್ನು ಸಾಲಾಗಿ ಮಲಗಿಸಿದ್ದರು. ಐವರ ಉಸಿರಾಟದ ಸದ್ದೇ ಕೇಳಿಸುತ್ತಿರಲಿಲ್ಲ. ಆರನೆಯವಳು, ಅಕ್ಕನ ಏಳು ವರ್ಷದ ಮಗಳು, ಕತ್ತನ್ನು ಹಿಂದಕ್ಕೆ ಚಾಚಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನೋಡನೋಡುತ್ತಿದ್ದಂತೆ ಗೊರಕೆ ನಿಂತಿತು. ಎದೆಗೂಡು ಏಳುತ್ತಿತ್ತು, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ಆದರೆ ಗಾಳಿ ಒಳಹೋಗುವ ಸದ್ದಿಲ್ಲ. ನಾನು ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿದೆ. ಗಕ್ಕನೆ ಸದ್ದು ಮಾಡಿ, ಮೈ ಕೊಡವಿ, ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆಯತೊಡಗಿದಳು. ಫ್ಯಾನ್ ತಿರುಗುತ್ತಿದ್ದರೂ ಹಣೆಯ ಮೇಲೆ ಬೆವರಿತ್ತು.

“ಪಾಪ, ಬೆಳಗಿನಿಂದ ಓಡಾಡಿ ದಣಿದಿದೆ ಮಗು. ಎಷ್ಟು ಗಾಢವಾಗಿ ನಿದ್ದೆ ಹತ್ತಿದೆ ನೋಡು” ಎಂದರು ಅಕ್ಕನ ಅತ್ತೆ.

ಪೂಜೆ, ಊಟ ಎಲ್ಲ ಮುಗಿದ ಮೇಲೆ ಅಕ್ಕನನ್ನು ಕೇಳಿದೆ. “ಅವಳಿಗೆ ಟಾನ್ಸಿಲ್ ಇದೆಯಲ್ಲ, ಡಾಕ್ಟರಿಗೆ ತೋರಿಸುತ್ತಲೇ ಇದ್ದೇವೆ” ಎಂದು ಫೈಲ್ ತಂದು ಮುಂದಿಟ್ಟಳು. ಒಂದೂವರೆ ವರ್ಷದ ಚೀಟಿಗಳು. ಐದು ಬಾರಿ ಆ್ಯಂಟಿಬಯಾಟಿಕ್, ಎರಡು ರಕ್ತಪರೀಕ್ಷೆ, ಐಸ್‌ಕ್ರೀಂ ಮತ್ತು ಮೊಸರು ಬೇಡವೆಂಬ ಸೂಚನೆ. ಮಗು ಹೇಗೆ ನಿದ್ದೆ ಮಾಡುತ್ತದೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅಕ್ಕನಿಗೂ ಹೇಳಬೇಕೆಂದು ತೋಚಿರಲಿಲ್ಲ. ಊದಿದ ಟಾನ್ಸಿಲ್ ಕುರಿತು ನಾನು ಓದಲು, ತಿಳಿದವರನ್ನು ಕೇಳಲು ತೊಡಗಿದ್ದು ಆ ಫೈಲ್ ನೋಡಿದ ಮೇಲೆ.

ತೊಡಕು ನಮ್ಮ ಮಾತಿನಿಂದಲೇ ಶುರುವಾಗುತ್ತದೆ. ‘ಟಾನ್ಸಿಲ್ ಆಗಿದೆ’, ‘ಟಾನ್ಸಿಲ್ ಬಂದಿದೆ’ ಎನ್ನುತ್ತೇವೆ, ಜ್ವರ ಬಂದಿದೆ ಎನ್ನುವ ಹಾಗೆ. ಟಾನ್ಸಿಲ್ ಹುಟ್ಟಿನಿಂದ ಎಲ್ಲರಿಗೂ ಇರುವ ಅಂಗ. ಬಾಯಿ ತೆರೆದರೆ ಕಿರುನಾಲಿಗೆಯ ಎಡಬಲಕ್ಕೆ, ಎರಡು ಮಾಂಸದ ಕಮಾನುಗಳ ನಡುವಿನ ಗೂಡಿನಲ್ಲಿ ಒಂದೊಂದು ಕೂತಿರುತ್ತದೆ. ಇದು ಒಂಟಿಯೂ ಅಲ್ಲ. ಮೂಗಿನ ಹಿಂದೆ, ಅಂಗುಳಿನ ಮೇಲ್ಭಾಗದಲ್ಲಿ ಕಣ್ಣಿಗೆ ಬೀಳದಂತೆ ಅಡಿನಾಯ್ಡ್ ಇದೆ. ನಾಲಿಗೆಯ ಬುಡದಲ್ಲಿ ಇನ್ನೊಂದು ತುಣುಕು. ಕಿವಿಯಿಂದ ಗಂಟಲಿಗೆ ಬರುವ ನಾಳದ ಬಾಯಲ್ಲಿ ಮತ್ತೊಂದಿಷ್ಟು. ಎಲ್ಲ ಸೇರಿ ಗಂಟಲಿನ ಹೆಬ್ಬಾಗಿಲಿಗೆ ಒಂದು ಉಂಗುರ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ವಾಲ್ಡೆಯರ್ ಹೆಸರಿನಲ್ಲೇ ಅದನ್ನು ಇಂದಿಗೂ ಕರೆಯುತ್ತಾರೆ.

ಟಾನ್ಸಿಲ್‌ನ ಮೈ ನುಣುಪಾಗಿಲ್ಲ. ಒಳಕ್ಕೆ ಇಳಿಯುವ, ಕವಲೊಡೆಯುವ ಸಣ್ಣ ಸಣ್ಣ ಕುಳಿಗಳು ಹತ್ತಕ್ಕೂ ಹೆಚ್ಚು ಇರುತ್ತವೆ. ಉಸಿರು ಮತ್ತು ಆಹಾರದೊಂದಿಗೆ ಬಂದ ರೋಗಾಣುಗಳು ಈ ಕುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿರುವ ರಕ್ಷಣಾ ಕಣಗಳು ಅವುಗಳ ಗುರುತು ಹಿಡಿದು ಪ್ರತಿಕಾಯ ತಯಾರಿಸುವುದನ್ನು ಕಲಿಯುತ್ತವೆ. ಕಲಿಯುವ ಕಾಲದಲ್ಲಿ ಕಣಗಳು ದುಪ್ಪಟ್ಟಾಗುತ್ತವೆ, ಗ್ರಂಥಿ ಉಬ್ಬುತ್ತದೆ. ಹಾಗಾಗಿ ಮೂರರಿಂದ ಏಳು-ಎಂಟು ವರ್ಷದ ಮಗುವಿನ ಟಾನ್ಸಿಲ್ ದೊಡ್ಡವರದ್ದಕ್ಕಿಂತ ದಪ್ಪಗೆ ಕಾಣುವುದು ಬೆಳವಣಿಗೆಯ ಭಾಗ. ಹದಿಹರೆಯ ದಾಟುವ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಜ್ವರವಿಲ್ಲದೆ, ನೋವಿಲ್ಲದೆ, ಚೆನ್ನಾಗಿ ಉಂಡು, ಸದ್ದಿಲ್ಲದೆ ನಿದ್ದೆ ಮಾಡುವ ಮಗುವಿಗೆ ದಪ್ಪ ಟಾನ್ಸಿಲ್ ಇದ್ದರೆ ಅದಕ್ಕೆ ಯಾವ ಔಷಧವೂ ಬೇಕಿಲ್ಲ.

ಜೂನ್‌ನಲ್ಲಿ ಶಾಲೆಗಳು ತೆರೆದು ಮೂರು ವಾರವಾಗುವಷ್ಟರಲ್ಲಿ ಮಕ್ಕಳ ವೈದ್ಯರ ಕೊಠಡಿಯ ಮುಂದೆ ಸಾಲು ಬೆಳೆಯುತ್ತದೆ. ಮಳೆಯಲ್ಲಿ ನೆನೆದದ್ದು, ತಣ್ಣೀರು ಕುಡಿದದ್ದು, ಮದುವೆಯಲ್ಲಿ ಐಸ್‌ಕ್ರೀಂ ತಿಂದದ್ದು ಎಂದು ಮನೆಯವರು ಕಾರಣ ಹುಡುಕುತ್ತಾರೆ. ತಣ್ಣನೆಯ ಪದಾರ್ಥದಿಂದ ಟಾನ್ಸಿಲ್ ಊದುವುದಿಲ್ಲ. ಊದಿಸುವುದು ರೋಗಾಣು. ಕಿಟಕಿ ಮುಚ್ಚಿದ ತರಗತಿಯಲ್ಲಿ ನಲವತ್ತು ಮಕ್ಕಳು ಭುಜಕ್ಕೆ ಭುಜ ತಾಗಿಸಿ ಕೂತು, ಒಂದೇ ನೀರಿನ ಬಾಟಲಿ ಹಂಚಿಕೊಂಡು, ಕೆಮ್ಮುತ್ತ ಸೀನುತ್ತ ದಿನ ಕಳೆಯುವಾಗ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಅಂಗನವಾಡಿಗೋ ಎಲ್‌ಕೆಜಿಗೋ ಸೇರಿದ ಮೊದಲ ಎರಡು ವರ್ಷ ಮಗು ಪದೇ ಪದೇ ಹಾಸಿಗೆ ಹಿಡಿಯುವುದೂ ಇದರಿಂದಲೇ.

ಮಕ್ಕಳ ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್‌ನಿಂದ ಬಂದವು. ನೆಗಡಿಯ ವೈರಸ್‌ಗಳು, ಅಡಿನೋವೈರಸ್, ಫ್ಲೂ, ಕೋವಿಡ್, ಎಲ್ಲವೂ ಟಾನ್ಸಿಲ್ ಕೆಂಪಾಗಿಸಿ ಊದಿಸುತ್ತವೆ. ಮೂಗು ಸೋರುವುದು, ಕೆಮ್ಮು, ಕಣ್ಣು ಕೆಂಪಾಗುವುದು, ಸ್ವರ ಒಡೆಯುವುದು ಜೊತೆಗಿದ್ದರೆ ವೈರಸ್ ಎಂದು ಬಹುಮಟ್ಟಿಗೆ ಊಹಿಸಬಹುದು. ಬಿಸಿನೀರು, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು, ಜ್ವರಕ್ಕೆ ಪ್ಯಾರಾಸಿಟಮಾಲ್, ವಿಶ್ರಾಂತಿ, ಇಷ್ಟರಲ್ಲಿ ಒಂದು ವಾರದೊಳಗೆ ಇಳಿಯುತ್ತದೆ. ಹದಿಹರೆಯದವರನ್ನು ಹೆಚ್ಚು ಕಾಡುವ ಎಪ್‌ಸ್ಟೀನ್-ಬಾರ್ ವೈರಸ್ ಮಾತ್ರ ಇಷ್ಟು ಬೇಗ ಬಿಡುವುದಿಲ್ಲ. ಟಾನ್ಸಿಲ್‌ಗಳು ಒಂದಕ್ಕೊಂದು ತಾಗುವಷ್ಟು ಊದಿ, ಬಿಳಿ ಪದರ ಕಟ್ಟಿ, ಕುತ್ತಿಗೆಯ ಎರಡೂ ಕಡೆ ಗಂಟುಗಳೆದ್ದು, ವಾರಗಟ್ಟಲೆ ಸುಸ್ತು ಉಳಿಯುತ್ತದೆ. ನೋಡಿದರೆ ಬ್ಯಾಕ್ಟೀರಿಯಾ ಸೋಂಕಿನಂತೆಯೇ ಇರುತ್ತದೆ. ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ಗಂಧೆ ಏಳುವುದುಂಟು. ಅದನ್ನು ಪೆನ್ಸಿಲಿನ್ ಅಲರ್ಜಿ ಎಂದು ತಪ್ಪಾಗಿ ಬರೆದುಕೊಂಡು ಜೀವನಪೂರ್ತಿ ಒಳ್ಳೆಯದೊಂದು ಔಷಧದಿಂದ ದೂರ ಉಳಿದವರಿದ್ದಾರೆ. ಇದರಲ್ಲಿ ಗುಲ್ಮ ಹಿಗ್ಗುವುದರಿಂದ, ಹೊಟ್ಟೆಗೆ ಪೆಟ್ಟು ಬೀಳಬಹುದಾದ ಕಬಡ್ಡಿಯಂಥ ಆಟಗಳನ್ನು ಕೆಲವು ವಾರ ಬಿಡಬೇಕು.

ಸೋಂಕಲ್ಲದ ಕಾರಣಗಳೂ ಇವೆ. ಅಲರ್ಜಿಯಿಂದ ಸದಾ ಮೂಗು ಕಟ್ಟಿರುವ ಮಕ್ಕಳಲ್ಲಿ, ಮನೆಯಲ್ಲಿ ಬೀಡಿ-ಸಿಗರೇಟಿನ ಹೊಗೆ ಕುಡಿಯುತ್ತ ಬೆಳೆಯುವ ಮಕ್ಕಳಲ್ಲಿ ಈ ಉಂಗುರ ಇಳಿಯದೆ ಊದಿಕೊಂಡೇ ಇರುವುದು ಹೆಚ್ಚು.

ಇಷ್ಟೆಲ್ಲದರ ನಡುವೆ ಬಿಡದೆ ಹಿಡಿಯಬೇಕಾದ ಬ್ಯಾಕ್ಟೀರಿಯಾ ಒಂದಿದೆ, ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್. ಗಂಟಲು ನೋವೆಂದು ಬರುವ ಮಕ್ಕಳಲ್ಲಿ ಶೇ 20ರಿಂದ 30 ಮಂದಿಗೆ, ದೊಡ್ಡವರಲ್ಲಿ ಶೇ 5ರಿಂದ 15 ಮಂದಿಗೆ ಇದು ಕಾರಣ. ಗಂಟಲಿನ ಮಟ್ಟಿಗೆ ಇದೂ ತಾನಾಗಿ ವಾಸಿಯಾಗುತ್ತದೆ. ಅಪಾಯ ಬರುವುದು ಆಮೇಲೆ. ಎರಡು-ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಮಂಡಿಯಲ್ಲಿ ಊತ ಬರುತ್ತದೆ, ಅಲ್ಲಿ ಇಳಿದು ಮೊಣಕೈಗೆ, ಅಲ್ಲಿಂದ ಮಣಿಕಟ್ಟಿಗೆ ಹೋಗುತ್ತದೆ. ಇದು ರುಮ್ಯಾಟಿಕ್ ಜ್ವರ. ಕೀಲುಗಳು ಗುರುತುಳಿಯದಂತೆ ವಾಸಿಯಾಗುತ್ತವೆ. ಆದರೆ ಅದೇ ಜ್ವರ ಹೃದಯದ ಕವಾಟಗಳಿಗೆ ಮಾಡಿದ ಹಾನಿ ಹಲವರಲ್ಲಿ ಹಾಗೆ ಮಾಸುವುದಿಲ್ಲ. ಹತ್ತನೆಯ ವಯಸ್ಸಿನಲ್ಲಿ ಗಂಟಲು ನೋವೆಂದು ಎರಡು ದಿನ ಶಾಲೆ ತಪ್ಪಿಸಿದ ಹುಡುಗಿ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಚೊಚ್ಚಲ ಬಸುರಿಯಲ್ಲಿ, ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುವಾಗ ಕವಾಟ ಕಿರಿದಾಗಿರುವುದು ಗೊತ್ತಾಗುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಲೂನ್ ಹಾಕಿ ಇಂಥ ಕವಾಟ ಬಿಡಿಸುವ ಚಿಕಿತ್ಸೆ ದಶಕಗಳಿಂದ ನಡೆಯುತ್ತಿದೆ. ಆ ಬಲೂನಿನವರೆಗೆ ಹೋಗದಂತೆ ತಡೆಯಬಲ್ಲದ್ದು ಅಗ್ಗದ, ಹಳೆಯ ಪೆನ್ಸಿಲಿನ್. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಕೊಟ್ಟರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಒಂಬತ್ತು ದಿನವಿದೆ ಎಂದರೆ ಪರೀಕ್ಷೆ ಮಾಡಿಸಲು ಸಮಯವಿದೆ ಎಂದರ್ಥ. ಜ್ವರದ ಮೊದಲ ಸಂಜೆಯೇ ಗಾಬರಿಯಿಂದ ಆ್ಯಂಟಿಬಯಾಟಿಕ್ ನುಂಗಿಸಬೇಕಿಲ್ಲ.

ಸ್ಟ್ರೆಪ್ಟೊಕಾಕಸ್ಸೋ ವೈರಸ್ಸೋ ಎಂದು ಟಾರ್ಚ್ ಹಾಕಿ ಗಂಟಲು ನೋಡಿದರೆ ತಿಳಿಯುವುದೇ? ಎಷ್ಟೇ ಅನುಭವಿ ವೈದ್ಯರ ಕಣ್ಣಿಗೂ ಇದು ಮೋಸ ಮಾಡುತ್ತದೆ. 1981ರಲ್ಲಿ ಅಮೆರಿಕದ ರಾಬರ್ಟ್ ಸೆಂಟರ್ ಮತ್ತು ಜೊತೆಗಾರರು ವಯಸ್ಕ ರೋಗಿಗಳನ್ನು ನೋಡಿ ನಾಲ್ಕು ಗುರುತುಗಳನ್ನು ಆರಿಸಿದರು. ಜ್ವರ ಇರಬೇಕು, ಕೆಮ್ಮು ಇರಬಾರದು, ಟಾನ್ಸಿಲ್ ಮೇಲೆ ಬಿಳಿ ಕೀವು ಕಾಣಬೇಕು, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು ಇರಬೇಕು. ಮುಂದೆ ಇದಕ್ಕೆ ವಯಸ್ಸನ್ನೂ ಸೇರಿಸಿದರು: ಮೂರರಿಂದ ಹದಿನಾಲ್ಕರವರಿಗೆ ಒಂದು ಅಂಕ ಹೆಚ್ಚು, ನಲವತ್ತೈದು ದಾಟಿದವರಿಗೆ ಒಂದು ಕಡಿಮೆ. ಗಮನಿಸಬೇಕಾದ ಸಂಗತಿ ಏನೆಂದರೆ, ನಾಲ್ಕೂ ಗುರುತಿದ್ದವರಲ್ಲಿ ಕೂಡ ಸ್ಟ್ರೆಪ್ಟೊಕಾಕಸ್ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಯಲ್ಲಿ ಮಾತ್ರ. ಅಂಕ ಕಡಿಮೆ ಇದ್ದರೆ ಪರೀಕ್ಷೆ ಬೇಡ, ಆ್ಯಂಟಿಬಯಾಟಿಕ್ಕೂ ಬೇಡ ಎಂದು ಹೇಳಲು ಈ ಅಂಕಪಟ್ಟಿ ನೆರವಾಗುತ್ತದೆ. ಅಂಕ ಹೆಚ್ಚಿದ್ದರೆ ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಪರೀಕ್ಷಿಸಬೇಕು. ಕೋವಿಡ್ ಕಾಲದಲ್ಲಿ ನಾವೆಲ್ಲ ನೋಡಿದ ರ‍್ಯಾಪಿಡ್ ಪರೀಕ್ಷೆಯಂಥದ್ದೇ ಇದಕ್ಕೂ ಇದೆ, ಹತ್ತು-ಹದಿನೈದು ನಿಮಿಷದಲ್ಲಿ ಉತ್ತರ ಕೊಡುತ್ತದೆ. ಪ್ರಯೋಗಾಲಯದಲ್ಲಿ ಕಲ್ಚರ್ ಬೆಳೆಸಿದರೆ ಒಂದೆರಡು ದಿನ. ನಮ್ಮ ಊರುಗಳ ಸಣ್ಣ ಕ್ಲಿನಿಕ್‌ಗಳಲ್ಲಿ ಈ ಎರಡೂ ಅಪರೂಪ. ಆ ಜಾಗದಲ್ಲಿ ನಡೆಯುವುದು ಬೇರೆಯೇ ಒಂದು ಪರೀಕ್ಷೆ.

ಅಕ್ಕನ ಫೈಲಿನಲ್ಲಿದ್ದ ಎರಡು ರಕ್ತಪರೀಕ್ಷೆಗಳೂ ಅದೇ, ಎಎಸ್‌ಒ. ಮೊದಲನೆಯದರಲ್ಲಿ 200ರ ಗೆರೆ ದಾಟಿದ ಅಂಕಿಗೆ ಕೆಂಪು ಶಾಯಿಯ ಸುತ್ತು ಹಾಕಿತ್ತು. ಅದನ್ನು ನೋಡಿ ಅಕ್ಕ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ, ಮಗಳ ಹೃದಯ ಹಾಳಾಯಿತೆಂದು. ಈ ಪರೀಕ್ಷೆ ಅಳೆಯುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ಹಿಂದೆ ಎಂದೋ ತಯಾರಿಸಿದ ಪ್ರತಿಕಾಯವನ್ನು. ಸೋಂಕು ತಗುಲಿದ ವಾರದ ಮೇಲೆ ಏರತೊಡಗಿ, ಮೂರರಿಂದ ಆರು ವಾರದ ಹೊತ್ತಿಗೆ ತುದಿ ಮುಟ್ಟಿ, ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ. ಇವತ್ತು ನೋಯುತ್ತಿರುವ ಗಂಟಲಿಗೆ ಕಾರಣ ಏನೆಂದು ಇದು ಹೇಳಲಾರದು. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲಿಯೂ 200 ದಾಟುವುದು ಸಾಮಾನ್ಯ. ರುಮ್ಯಾಟಿಕ್ ಜ್ವರವೆಂದು ತೀರ್ಮಾನಿಸಲು 1944ರಿಂದ ಬಳಕೆಯಲ್ಲಿರುವ, 2015ರಲ್ಲಿ ಪರಿಷ್ಕರಿಸಿದ ಜೋನ್ಸ್ ಮಾನದಂಡಗಳಿವೆ. ಕೀಲೂತ, ಹೃದಯದ ಉರಿಯೂತ, ಕೈಕಾಲುಗಳ ಅನೈಚ್ಛಿಕ ಕುಣಿತ, ಚರ್ಮದ ಗುರುತುಗಳಂಥ ಲಕ್ಷಣಗಳು ಅಲ್ಲಿ ಮುಖ್ಯ. ಎಎಸ್‌ಒ ಅದಕ್ಕೆ ಪೂರಕ ಸಾಕ್ಷಿ ಅಷ್ಟೆ. ಬರೀ ಕಾಲುನೋವು ಎಂದ ಮಗುವಿಗೆ ಈ ಒಂದು ಅಂಕಿ ಹಿಡಿದುಕೊಂಡು ಮೂರು ವಾರಕ್ಕೊಮ್ಮೆ ವರ್ಷಗಟ್ಟಲೆ ಪೆನ್ಸಿಲಿನ್ ಸೂಜಿ ಚುಚ್ಚಿಸುವುದು ದೊಡ್ಡ ಅನ್ಯಾಯ. ಆ ಸೂಜಿಯ ನೋವು ತಿಂದವರಿಗೇ ಗೊತ್ತು. ಹಾಗೆಂದು ನಿಜವಾದ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಅದೇ ಸೂಜಿ ಹೃದಯವನ್ನು ಕಾಯುವ ಕಾವಲು. ಅಂಥವರು ಒಂದು ಬಾರಿಯೂ ತಪ್ಪಿಸಬಾರದು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಟು ದಶಕಗಳಾದರೂ ಪೆನ್ಸಿಲಿನ್‌ಗೆ ಬಗ್ಗುತ್ತಲೇ ಇದೆ. ಹತ್ತು ದಿನದ ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಇವತ್ತಿಗೂ ಮೊದಲ ಆಯ್ಕೆ. ಆದರೆ ಔಷಧದ ಅಂಗಡಿಯಲ್ಲಿ ಗಂಟಲು ನೋವು ಎಂದರೆ ಕೈಗೆ ಬರುವುದು ಮೂರು ಮಾತ್ರೆಯ ಅಜಿತ್ರೊಮೈಸಿನ್. ಈ ಗುಂಪಿನ ಔಷಧಗಳಿಗೆ ಅದೇ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳುತ್ತಿದೆ.

ಡಿಫ್ತೀರಿಯಾ ಕುರಿತು ಚಿಕ್ಕದಾಗಿ ಹೇಳುತ್ತೇನೆ, ಅದು ಚಿಕ್ಕ ಕಾಯಿಲೆ ಎಂದಲ್ಲ. ನಮ್ಮ ಹಿರಿಯರು ಇದನ್ನು ಗಂಟಲುಮಾರಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಟಾನ್ಸಿಲ್ ಮೇಲೆ ಬೂದುಬಣ್ಣದ ಪೊರೆ ಕಟ್ಟಿ, ಕಿರುನಾಲಿಗೆಗೂ ಹಬ್ಬಿ, ತೆಗೆಯಲು ಹೋದರೆ ರಕ್ತ ಜಿನುಗುತ್ತದೆ. ಕುತ್ತಿಗೆ ಗೂಳಿಯ ಕತ್ತಿನಂತೆ ಊದುತ್ತದೆ. ಇದರ ವಿಷ ಹೃದಯಕ್ಕೂ ನರಗಳಿಗೂ ಇಳಿಯುತ್ತದೆ. ಪರೀಕ್ಷೆಯ ಉತ್ತರಕ್ಕೆ ಕಾಯದೆ ಪ್ರತಿವಿಷ ಕೊಡಬೇಕಾದ ತುರ್ತು ಇದು. ಜಗತ್ತಿನಲ್ಲಿ ಅತಿ ಹೆಚ್ಚು ಡಿಫ್ತೀರಿಯಾ ವರದಿಯಾಗುವ ದೇಶಗಳ ಸಾಲಿನಲ್ಲಿ ಭಾರತವಿದೆ; ಉತ್ತರ ಕರ್ನಾಟಕದಿಂದಲೂ ಪ್ರಕರಣಗಳು ಬಂದಿವೆ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಒಂದೂವರೆ ವರ್ಷದ್ದು, ಐದು-ಆರು ವರ್ಷದ್ದು, ಹತ್ತು ಮತ್ತು ಹದಿನಾರನೆಯ ವಯಸ್ಸಿನ ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಲಸಿಕೆ) ಮರೆತುಹೋಗುತ್ತವೆ. ಗಂಟಲು ನೋವಿನ ಮಗುವಿನ ತಾಯಿ ಕಾರ್ಡ್ ತಂದಿದ್ದರೆ ವೈದ್ಯರು ಮೊದಲು ಅದನ್ನು ನೋಡುವುದು ಒಳ್ಳೆಯದು. ಬೆರಳಿಗೆ ಉಪ್ಪೋ ಬೂದಿಯೋ ಹಚ್ಚಿಕೊಂಡು ಮಗುವಿನ ಗಂಟಲು ಒತ್ತುವವರು ಈಗಲೂ ಕೆಲವು ಹಳ್ಳಿಗಳಲ್ಲಿದ್ದಾರೆ. ದಯವಿಟ್ಟು ಮಕ್ಕಳನ್ನು ಅವರ ಬಳಿ ಒಯ್ಯಬೇಡಿ.

ಈಗ ಗಾತ್ರದ ವಿಷಯ. ಟಾನ್ಸಿಲ್ ಎಷ್ಟು ದೊಡ್ಡದಾಗಿದೆ ಎಂದು ಹೇಳಲು 1989ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಬ್ರಾಡ್‌ಸ್ಕಿ ಕೊಟ್ಟ ಅಳತೆ ಇವತ್ತಿಗೂ ಚಾಲ್ತಿಯಲ್ಲಿದೆ. ಗಂಟಲಿನ ಅಗಲದ ಕಾಲುಭಾಗದೊಳಗೆ ಇದ್ದರೆ ಒಂದು, ಅರ್ಧದವರೆಗೆ ಎರಡು, ಮುಕ್ಕಾಲಿನವರೆಗೆ ಮೂರು, ಅದನ್ನೂ ಮೀರಿದರೆ ನಾಲ್ಕು. ಕೇಳಲು ಸುಲಭ. ನೋಡುವಾಗ ಮಾತ್ರ ಎಡವುವುದು ಸುಲಭ. ಅಪ್ಪನ ತೊಡೆಯ ಮೇಲೆ ಕೊಸರಾಡುತ್ತಿರುವ ಮಗುವಿನ ನಾಲಿಗೆಯ ಬುಡವನ್ನು ಪಟ್ಟಿಯಿಂದ ಒತ್ತಿದೊಡನೆ ಅದಕ್ಕೆ ಓಕರಿಕೆ ಬರುತ್ತದೆ. ಓಕರಿಸುವ ಕ್ಷಣದಲ್ಲಿ ಗಂಟಲಿನ ಸ್ನಾಯುಗಳು ಬಿಗಿದು ಎರಡೂ ಟಾನ್ಸಿಲ್‌ಗಳನ್ನು ನಡುವಿಗೆ ತಳ್ಳುತ್ತವೆ. ಎರಡನೆಯ ಅಳತೆಯದು ನಾಲ್ಕನೆಯದಾಗಿ ಕಾಣುತ್ತದೆ. ವೈದ್ಯರ ಕಣ್ಣಿಗೆ ಸಿಗುವುದು ಆ ಒಂದು ಕ್ಷಣದ ನೋಟ. ತಾಳ್ಮೆಯ ವೈದ್ಯರು ಮೊದಲು ಪಟ್ಟಿ ಬಳಸುವುದೇ ಇಲ್ಲ. ಮಗುವಿಗೆ “ಸಿಂಹ ಹೇಗೆ ಬಾಯಿ ತೆರೆಯುತ್ತದೆ ತೋರಿಸು” ಎನ್ನುತ್ತಾರೆ, ನಾಲಿಗೆಯನ್ನು ಹೊರಗೆ ಚಾಚದೆ ‘ಆ’ ಎನ್ನಿಸುತ್ತಾರೆ, ಬೇಕಿದ್ದರೆ ನಾಲಿಗೆಯ ಮುಂದಿನ ಭಾಗವನ್ನಷ್ಟೇ ಮೆಲ್ಲಗೆ ಒತ್ತುತ್ತಾರೆ.

ಕಣ್ಣಳತೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 1934ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇವತ್ತಿಗೂ ಎದೆ ಝಲ್ಲೆನಿಸುತ್ತದೆ. ನ್ಯೂಯಾರ್ಕ್ ನಗರದ 1,000 ಶಾಲಾ ಮಕ್ಕಳನ್ನು ನೋಡಿದರು. 611 ಮಕ್ಕಳ ಟಾನ್ಸಿಲ್ ಆಗಲೇ ತೆಗೆಸಿಯಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರಿಗೆ ತೋರಿಸಿದಾಗ 174 ಮಂದಿಗೆ ಶಸ್ತ್ರಚಿಕಿತ್ಸೆ ಬೇಕೆಂದರು. ಬೇಡವೆಂದು ಹೇಳಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರು. ಅವರು 99 ಮಂದಿಗೆ ಬೇಕೆಂದರು. ಮಿಕ್ಕ 116 ಮಕ್ಕಳನ್ನು ಮತ್ತೊಮ್ಮೆ ತೋರಿಸಿದಾಗ 51 ಮಂದಿಗೆ. ಪ್ರತಿ ಸುತ್ತಿನಲ್ಲೂ ಸುಮಾರು ಶೇ 45. ಸಾವಿರ ಮಕ್ಕಳಲ್ಲಿ ಕೊನೆಗೆ ಉಳಿದವರು 65. ಎದುರಿಗೆ ಯಾವ ಮಗು ಕೂತಿದೆ ಎಂಬುದಕ್ಕಿಂತ, ಇಷ್ಟು ಮಕ್ಕಳಿಗಾದರೂ ಬೇಕಾಗಿರಲೇಬೇಕು ಎಂದು ವೈದ್ಯರ ಮನಸ್ಸಿನಲ್ಲಿದ್ದ ಎಣಿಕೆಯೇ ತೀರ್ಪು ಕೊಟ್ಟಿತ್ತು. ಟಾನ್ಸಿಲ್ ಎಂಬುದು ದೇಹದಲ್ಲೆಲ್ಲ ಕಾಯಿಲೆ ಹರಡುವ ಕೊಳಕಿನ ಗೂಡು ಎಂದು ಆ ಕಾಲದವರು ನಂಬಿದ್ದರು. ಇಂದು ಲೆಕ್ಕ ಬಿಗಿಯಾಗಿದೆ. ಸೋಂಕಿನ ಕಾರಣಕ್ಕೆ ತೆಗೆಯುವುದಾದರೆ ಒಂದು ವರ್ಷದಲ್ಲಿ ಏಳು ಬಾರಿ, ಇಲ್ಲವೇ ಎರಡು ವರ್ಷ ಸತತವಾಗಿ ಐದೈದು ಬಾರಿ, ಇಲ್ಲವೇ ಮೂರು ವರ್ಷ ಮೂರ್ಮೂರು ಬಾರಿ ಆಗಿರಬೇಕು. ಅಮೆರಿಕದ ಮಕ್ಕಳ ತಜ್ಞ ಜ್ಯಾಕ್ ಪ್ಯಾರಡೈಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಮಾನದಂಡ ಇದು. ಗಂಟಲು ನೋವು ಎಂದರೆ ಸಾಲದು, ಜೊತೆಗೆ 38.3 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರವೋ, ಕೀವೋ, ಕುತ್ತಿಗೆಯ ಗಂಟೋ, ಸ್ಟ್ರೆಪ್ಟೊಕಾಕಸ್ ಸಿಕ್ಕ ಪರೀಕ್ಷೆಯೋ ಇರಬೇಕು. ತಿಂಗಳಿಗೊಮ್ಮೆ ಬರುತ್ತದೆ ಎಂದು ಹೇಳುವ ತಾಯಂದಿರು ಕ್ಯಾಲೆಂಡರಿನ ಹಾಳೆಯ ಮೇಲೆ ತಾರೀಖು ಮತ್ತು ಜ್ವರದ ಅಂಕಿ ಗೀಚಿಟ್ಟರೆ, ನಿಜವಾದ ಲೆಕ್ಕ ವೈದ್ಯರ ಕೈಗೆ ಸಿಗುತ್ತದೆ.

ಅಕ್ಕನ ಮಗಳ ಫೈಲಿನಲ್ಲಿ ಈ ಲೆಕ್ಕ ಕೂಡುತ್ತಿರಲಿಲ್ಲ. ಒಂದೂವರೆ ವರ್ಷಕ್ಕೆ ಐದು. ಹಾಗಾಗಿ ‘ಕಾಯೋಣ’ ಎಂದು ಬರೆದಿದ್ದರು. ಸೋಂಕಿನ ದೃಷ್ಟಿಯಿಂದ ಅದು ಸರಿಯಾದ ಮಾತೇ. ತಪ್ಪಿದ್ದು ಎರಡನೆಯ ಪ್ರಶ್ನೆ ಕೇಳದೆ ಬಿಟ್ಟದ್ದರಲ್ಲಿ. ಟಾನ್ಸಿಲ್ ಮಗುವಿಗೆ ತೊಂದರೆ ಕೊಡುವುದು ಸೋಂಕಿನಿಂದ ಮಾತ್ರವಲ್ಲ, ದಾರಿಗೆ ಅಡ್ಡ ನಿಲ್ಲುವುದರಿಂದ ಕೂಡ. ಎಚ್ಚರವಾಗಿರುವಾಗ ಗಂಟಲಿನ ಸ್ನಾಯುಗಳು ದಾರಿಯನ್ನು ಬಿಗಿಹಿಡಿದು ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ. ಎರಡು ಕಡೆಯಿಂದ ಟಾನ್ಸಿಲ್, ಮೇಲಿನಿಂದ ಅಡಿನಾಯ್ಡ್, ನಡುವೆ ಉಳಿದ ಸಣ್ಣ ಸಂದಿಯೂ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಮಗುವನ್ನು ಅರೆಎಚ್ಚರಕ್ಕೆ ತಂದು ಉಸಿರು ಎಳೆಸುತ್ತದೆ. ಆ ‘ಗಕ್’ ಎಂಬ ಸದ್ದು ಅದೇ. ಹೀಗೆ ರಾತ್ರಿಯಲ್ಲಿ ಹತ್ತಾರು ಬಾರಿ.

ಮಕ್ಕಳಲ್ಲಿ ಶೇ 1ರಿಂದ 5ರಷ್ಟು ಮಂದಿಗೆ ಈ ಉಸಿರುಕಟ್ಟು ನಿದ್ರೆ ಇರುತ್ತದೆಂದು ಅಂದಾಜು. ದೊಡ್ಡವರಿಗೆ ಬಂದರೆ ಹಗಲು ತೂಕಡಿಸುತ್ತಾರೆ. ಮಕ್ಕಳು ತೂಕಡಿಸುವುದಕ್ಕಿಂತ ಹೆಚ್ಚಾಗಿ ಚಡಪಡಿಸುತ್ತಾರೆ, ಒಂದು ಕಡೆ ಕೂರುವುದಿಲ್ಲ, ಪಾಠದಲ್ಲಿ ಮನಸ್ಸಿಡುವುದಿಲ್ಲ, ಸಣ್ಣದಕ್ಕೂ ಸಿಡುಕುತ್ತಾರೆ. ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗು ಮತ್ತೆ ಶುರುಮಾಡುತ್ತದೆ. ಬೆಳಿಗ್ಗೆ ತಲೆನೋವು ಎನ್ನುತ್ತದೆ. ಅನ್ನ ನುಂಗಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ತೂಕ ಏರುವುದಿಲ್ಲ. ಹಗಲೂ ಬಾಯಿಯಲ್ಲೇ ಉಸಿರಾಡಿ ತುಟಿ ಒಣಗಿರುತ್ತದೆ, ಮಾತು ಮೂಗಿನಲ್ಲಿ ಸಿಕ್ಕಿಕೊಂಡಂತಿರುತ್ತದೆ. ನನ್ನ ಅಕ್ಕನ ಮಗಳ ಶಾಲೆಯ ಡೈರಿಯಲ್ಲಿ ‘ಗಮನ ಕೊಡುವುದಿಲ್ಲ, ತಂಟೆ ಜಾಸ್ತಿ’ ಎಂದು ಎರಡು ಬಾರಿ ಬರೆದು ಕಳಿಸಿದ್ದರು. ಅದಕ್ಕೆ ಬೈಗುಳ ತಿಂದವಳು ಅವಳೇ. ನೆನೆದರೆ ಈಗಲೂ ಹೊಟ್ಟೆ ಚುರುಕ್ಕೆನ್ನುತ್ತದೆ.

ಇಲ್ಲಿ ಕೂಡ ಗಾತ್ರವೊಂದೇ ದಾರಿ ತೋರಿಸುವುದಿಲ್ಲ. ನಾಲ್ಕನೆಯ ಅಳತೆಯ ಟಾನ್ಸಿಲ್ ಇಟ್ಟುಕೊಂಡು ಸೊಗಸಾಗಿ ನಿದ್ದೆ ಮಾಡುವ ಮಕ್ಕಳಿದ್ದಾರೆ, ಎರಡನೆಯ ಅಳತೆಯದರಲ್ಲಿ ಉಸಿರು ಕಟ್ಟುವವರೂ ಇದ್ದಾರೆ. ದವಡೆಯ ಆಕಾರ, ಮೈಯ ಕೊಬ್ಬು, ಕಾಣದ ಅಡಿನಾಯ್ಡ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಡಿನಾಯ್ಡ್ ನೋಡಲು ಕುತ್ತಿಗೆಯನ್ನು ಪಕ್ಕದಿಂದ ಎಕ್ಸ್-ರೇ ತೆಗೆಯುತ್ತಾರೆ, ಇಲ್ಲವೇ ಮೂಗಿನಲ್ಲಿ ತೆಳುವಾದ ದೂರ್ಬೀನು ನಳಿಗೆ ಇಳಿಸಿ ನೇರವಾಗಿ ನೋಡುತ್ತಾರೆ. ಉಸಿರು ಎಷ್ಟು ಬಾರಿ ನಿಲ್ಲುತ್ತದೆ, ಆಮ್ಲಜನಕ ಎಷ್ಟು ಇಳಿಯುತ್ತದೆ ಎಂದು ಖಚಿತವಾಗಿ ಹೇಳುವುದು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮಾಡುವ ನಿದ್ರಾ ಪರೀಕ್ಷೆ. ಮಕ್ಕಳಿಗೆ ಇದನ್ನು ಮಾಡುವ ಸೌಲಭ್ಯ ದೊಡ್ಡ ನಗರಗಳಾಚೆ ಕಡಿಮೆ. ಆದರೆ ಎಲ್ಲರ ಕೈಯಲ್ಲೂ ಇರುವ ಒಂದು ಸಾಧನವಿದೆ, ಮೊಬೈಲ್. ಮಗುವಿನ ಮುಖ ಮತ್ತು ಎದೆ ಎರಡೂ ಕಾಣುವಂತೆ, ಅಂಗಿಯ ಗುಂಡಿ ಬಿಚ್ಚಿ, ಸದ್ದು ಕೇಳುವಂತೆ ಎರಡು-ಮೂರು ನಿಮಿಷ ವಿಡಿಯೊ ತೆಗೆಯಿರಿ. ಕನಸು ಬೀಳುವ ನಿದ್ದೆಯಲ್ಲಿ ಉಸಿರುಕಟ್ಟು ಹೆಚ್ಚು, ಆ ನಿದ್ದೆ ಹೆಚ್ಚಾಗಿ ಬೀಳುವುದು ಬೆಳಗಿನ ಜಾವ. ಹಾಗಾಗಿ ಮೂರು-ನಾಲ್ಕು ಗಂಟೆಗೆ ಎದ್ದು ತೆಗೆದ ವಿಡಿಯೊ ಮಲಗಿದ ಕೂಡಲೇ ತೆಗೆದದ್ದಕ್ಕಿಂತ ಹೆಚ್ಚು ಹೇಳುತ್ತದೆ. ನಿದ್ರಾ ಪರೀಕ್ಷೆಗೆ ಇದು ಬದಲಿಯಲ್ಲ, ಆದರೆ ತಜ್ಞರ ಮುಂದೆ “ಗೊರಕೆ ಹೊಡೆಯುತ್ತಾಳೆ” ಎಂಬ ಬರೀ ಮಾತಿಗಿಂತ ಅದರ ತೂಕ ದೊಡ್ಡದು.

ಉಸಿರುಕಟ್ಟು ಖಚಿತವಾದ ಮೇಲೆ ಟಾನ್ಸಿಲ್, ಅಡಿನಾಯ್ಡ್ ತೆಗೆಯುವುದರಿಂದ ಎಷ್ಟು ಪ್ರಯೋಜನ? 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಐದರಿಂದ ಒಂಬತ್ತು ವರ್ಷದ 464 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು, ಇನ್ನೊಂದನ್ನು ಕಾದು ನೋಡಿದರು. ಏಳು ತಿಂಗಳ ಬಳಿಕ ಮೊದಲ ಗುಂಪಿನ ಶೇ 79 ಮಕ್ಕಳ ನಿದ್ರಾ ಪರೀಕ್ಷೆ ಸಹಜವಾಗಿತ್ತು, ಎರಡನೆಯದರಲ್ಲಿ ಶೇ 46. ನಡವಳಿಕೆ, ದಿನದ ಲವಲವಿಕೆ ಮೊದಲ ಗುಂಪಿನಲ್ಲಿ ಸುಧಾರಿಸಿತು. ಗಮನಶಕ್ತಿಯ ಔಪಚಾರಿಕ ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಗುರುತಿಸುವಂಥ ಅಂತರ ಕಾಣಲಿಲ್ಲ. ಸುಮ್ಮನೆ ಕಾದವರಲ್ಲೂ ಅರ್ಧದ ಹತ್ತಿರ ಮಕ್ಕಳು ಸರಿಹೋದರು ಎಂಬುದನ್ನು ಪೋಷಕರು ತಿಳಿದಿರಬೇಕು. ಆದರೆ ತೀರಾ ಗಂಭೀರವಾದ ಉಸಿರುಕಟ್ಟು ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಅಂಥವರನ್ನು ಕಾಯಿಸುವುದು ಸರಿಯಲ್ಲ.

ಒಂದೇ ಕಡೆಯ ಟಾನ್ಸಿಲ್ ದೊಡ್ಡದಾದರೆ ಬೇರೆಯೇ ರೀತಿಯಲ್ಲಿ ಯೋಚಿಸಬೇಕಾಗುತ್ತದೆ. ಎರಡು-ಮೂರು ದಿನದ ಗಂಟಲು ನೋವು ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ತಿರುಗಿ, ಬಾಯಿ ತೆರೆಯಲಾಗದೆ, ಜೊಲ್ಲು ಸುರಿದು, ಕಿರುನಾಲಿಗೆ ಇನ್ನೊಂದು ಕಡೆಗೆ ವಾಲಿದ್ದರೆ ಟಾನ್ಸಿಲ್ ಹಿಂದೆ ಕೀವು ತುಂಬಿದೆ ಎಂದರ್ಥ. ಅಂದೇ ಆಸ್ಪತ್ರೆಗೆ ಹೋಗಿ ಕೀವು ತೆಗೆಸಬೇಕು. ನೋವಿಲ್ಲದೆ ಒಂದು ಕಡೆ ಬೆಳೆಯುತ್ತ ಹೋದರೆ ಇನ್ನೂ ಎಚ್ಚರ ಬೇಕು. ಮಕ್ಕಳಲ್ಲಿ ಬಹಳಷ್ಟು ಸಲ ಒಂದು ಟಾನ್ಸಿಲ್ ಗೂಡಿನಲ್ಲಿ ಆಳಕ್ಕೆ, ಇನ್ನೊಂದು ಮೇಲಕ್ಕೆ ಕೂತಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಆದರೂ ವಾರಗಳಲ್ಲಿ ಬೇಗ ಬೇಗ ದಪ್ಪವಾದರೆ, ಜ್ವರ, ತೂಕ ಇಳಿಕೆ, ಕುತ್ತಿಗೆಯಲ್ಲಿ ಗಟ್ಟಿ ಗಂಟು ಜೊತೆಗಿದ್ದರೆ ಲಿಂಫೋಮ ಎಂಬ ಕ್ಯಾನ್ಸರ್ ಅಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ದೊಡ್ಡವರಲ್ಲಿ, ಅದರಲ್ಲೂ ಬೀಡಿ, ಗುಟ್ಕಾ, ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಬಳಸುವವರಲ್ಲಿ ಒಂದು ಪಕ್ಕದ ಟಾನ್ಸಿಲ್ ಹುಣ್ಣಾಗಿ, ಅದೇ ಪಕ್ಕದ ಕಿವಿ ನೋಯುತ್ತಿದ್ದರೆ ಮೂರು ವಾರಕ್ಕಿಂತ ಹೆಚ್ಚು ಕಾಯಬಾರದು. ನಲವತ್ತೈದು ದಾಟಿದ ಮನುಷ್ಯನಿಗೆ ಹೊಸದಾಗಿ ಊದಿದ ಒಂದೇ ಟಾನ್ಸಿಲ್‌ಗೆ ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ಕೊಡುತ್ತ ಹೋದರೆ, ಬಯಾಪ್ಸಿ ಮಾಡಬೇಕಾದ ತಿಂಗಳುಗಳು ಕೈಜಾರುತ್ತವೆ.

ಅಕ್ಕ ವಿಡಿಯೊ ತೆಗೆದದ್ದು ಗೃಹಪ್ರವೇಶವಾಗಿ ನಾಲ್ಕನೆಯ ದಿನ, ಬೆಳಗಿನ ಜಾವ ಮೂರೂವರೆಗೆ. ಕಿವಿ-ಮೂಗು-ಗಂಟಲಿನ ತಜ್ಞೆ ಅದನ್ನು ಎರಡು ಬಾರಿ ನೋಡಿ, ಮಗುವಿನೊಂದಿಗೆ ಸಿಂಹದ ಆಟವಾಡಿ ಬಾಯಿ ತೆರೆಸಿದರು. ಟಾನ್ಸಿಲ್ ಮೂರನೆಯ ಅಳತೆ. ಎಕ್ಸ್-ರೇಯಲ್ಲಿ ಅಡಿನಾಯ್ಡ್ ಮೂಗಿನ ಹಿಂದಿನ ದಾರಿಯನ್ನು ಬಹುಪಾಲು ಮುಚ್ಚಿತ್ತು. ನಿದ್ರಾ ಪರೀಕ್ಷೆಯೂ ಆಯಿತು. ರಕ್ತಸ್ರಾವದ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿ ಬರೆದುಕೊಂಡರು. ದಸರಾ ರಜೆಯಲ್ಲಿ ಎರಡನ್ನೂ ತೆಗೆದರು. ಮೊದಲ ವಾರ ಅವಳಿಗೆ ಕಷ್ಟವಾಯಿತು. ನುಂಗಲು ನೋವು, ಕಿವಿ ನೋವು, ಅಳು. ಒಂದೂವರೆ ವರ್ಷ ಬೇಡವೆಂದಿದ್ದ ಐಸ್‌ಕ್ರೀಂ ಅನ್ನು ವೈದ್ಯರೇ ಕೊಡಲು ಹೇಳಿದ್ದು ಆ ವಾರ.

ಮೂರನೆಯ ವಾರ ನಾನು ಹೋದಾಗ ಅಕ್ಕನ ಅತ್ತೆ ಹೇಳಿದರು. ರಾತ್ರಿ ಎಚ್ಚರವಾದಾಗ ಪಕ್ಕದಲ್ಲಿ ಮಲಗಿದ್ದ ಮೊಮ್ಮಗಳ ಸದ್ದೇ ಇಲ್ಲ. ಗಾಬರಿಯಾಗಿ ಎದ್ದು ಕೂತು, ಅವಳ ಮೂಗಿನ ಬಳಿ ಬೆರಳು ಹಿಡಿದು ನೋಡಿದರಂತೆ. ಬಾಯಿ ಮುಚ್ಚಿತ್ತು, ಬೆರಳಿಗೆ ಬೆಚ್ಚನೆಯ ಉಸಿರು ತಾಗುತ್ತಿತ್ತು.